ಸಚಿವರಿಗೆ ಬರೆದ ಪತ್ರ ಮಂಡ್ಯಕ್ಕೇ ವಾಪಸು ಬರುತ್ತದೆ

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ತಳಿವಿಜ್ಞಾನ ಓದಿ, ಈಗ ಮೈಸೂರಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಸಮಾಲೋಚಕರು) ಆಗಿದ್ದೇನೆ. ಮದ್ದೂರು, ಮಳವಳ್ಳಿ ಕಡೆಯಿಂದ ಥಲಸ್ಸೇಮಿಯಾ (ಪದೇ ಪದೇ ರಕ್ತ ಹಾಕಿಸಬೇಕಾಗುವ ಆನುವಂಶಿಕ ರಕ್ತದ ಕಾಯಿಲೆ) ಇರುವ ಮಕ್ಕಳನ್ನು ಕರೆತರುವ ತಂದೆತಾಯಂದಿರು “ಮೊದಲೇ ಯಾರೂ ಹೇಳಲಿಲ್ಲವಲ್ಲ” ಎನ್ನುತ್ತಾರೆ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ವಾಹಕ ಪರೀಕ್ಷೆ (ತಮಗೆ ಕಾಯಿಲೆಯಿಲ್ಲದೆ ಅದರ ವಂಶವಾಹಿ ಹೊತ್ತವರನ್ನು ಗುರುತಿಸುವ ಪರೀಕ್ಷೆ) ಸಿಗಬೇಕೆಂದು ನಾವು ಕೆಲವರು ಸೇರಿ ಸಚಿವರ ಕಚೇರಿಗೆ ಪತ್ರ ಬರೆದೆವು. ಹಿರಿಯ ಅಧಿಕಾರಿಯೊಬ್ಬರಿಗೆ ಸ್ಲೈಡ್ ತೋರಿಸಿ ವಿವರಿಸಿದೆವು. ಚೆನ್ನಾಗಿದೆ ಎಂದರು, ಅಲ್ಲಿಗೆ ಮುಗಿಯಿತು. ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು? ಶಾಸಕರ ಬಳಿ ಹೋಗುವುದು ವಿಜ್ಞಾನದವರಿಗೆ ತಕ್ಕುದೇ?

ಉತ್ತರ: ನಿಮ್ಮ ಪತ್ರಕ್ಕೆ ಏನಾಗಿರಬಹುದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಚಿವರ ಕಚೇರಿಗೆ ಬರುವ ಇಂಥ ಮನವಿಯ ಮೇಲೆ “ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ” ಎಂಬ ಷರಾ ಬೀಳುತ್ತದೆ. ಅದು ಕಾರ್ಯದರ್ಶಿಗಳ ಕಚೇರಿಗೆ, ಅಲ್ಲಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಸಂಬಂಧಪಟ್ಟ ನಿರ್ದೇಶಕರಿಗೆ ಇಳಿದು, ಕೊನೆಗೆ ಮಂಡ್ಯದ ಜಿಲ್ಲಾ ಆರೋಗ್ಯಾಧಿಕಾರಿಯ ಟಪಾಲಿಗೆ ಬಂದು ಬೀಳುತ್ತದೆ. ಅಷ್ಟು ಹೊತ್ತಿಗೆ ಅದರ ಮೇಲೆ ನಾಲ್ಕು ಹೊದಿಕೆ ಪತ್ರಗಳು ಸೇರಿರುತ್ತವೆ. ನಿಮ್ಮ ಮಾತು ಐದನೆಯ ಹಾಳೆಯಲ್ಲಿರುತ್ತದೆ. ಓದುವವರು ಆ ಜಿಲ್ಲಾ ಕಚೇರಿಯ ವಿಷಯ ನಿರ್ವಾಹಕರು. ಅವರ ಮುಂದೆ ಡೆಂಗಿ ವರದಿ, ಹೆರಿಗೆ ವಾರ್ಡಿನ ದೂರು, ವರ್ಗಾವಣೆಯ ಕಡತ ಎಲ್ಲವೂ ಇರುತ್ತವೆ. “ಸರ್ಕಾರದಿಂದ ಮಾರ್ಗಸೂಚಿ ಬಂದಲ್ಲಿ ಕ್ರಮ ವಹಿಸಲಾಗುವುದು” ಎಂದು ಬರೆದು ಅವರು ಕಡತ ಮುಚ್ಚುತ್ತಾರೆ. ಅವರದು ತಪ್ಪೆಂದು ನಾನು ಹೇಳಲಾರೆ.

ಮಾರ್ಗಸೂಚಿ ಎಂದೋ ಬಂದಿದೆ ಎಂಬುದೇ ಇಲ್ಲಿನ ತಮಾಷೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಿಮೋಗ್ಲೋಬಿನ್ ಕಾಯಿಲೆಗಳ (ಥಲಸ್ಸೇಮಿಯಾ ಇವುಗಳಲ್ಲೊಂದು) ತಡೆ ಮತ್ತು ನಿಯಂತ್ರಣಕ್ಕೆಂದೇ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಗರ್ಭಿಣಿಯರ ವಾಹಕ ಪರೀಕ್ಷೆ ಅದರಲ್ಲಿದೆ. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಎಂಬ ಮೂರೂ ಆನುವಂಶಿಕ ರಕ್ತದ ಕಾಯಿಲೆಗಳನ್ನು ತನ್ನ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ನೀವು ಕೇಳುತ್ತಿರುವುದು ಹೊಸ ನೀತಿಯನ್ನಲ್ಲ, ಇರುವ ನೀತಿಯ ಜಾರಿಯನ್ನು. ಕಚೇರಿಯಲ್ಲಿ ಈ ಎರಡಕ್ಕೂ ಅಜಗಜಾಂತರ. ಹೊಸ ನೀತಿ ಕೇಳಿದರೆ ಕಡತ ಮೇಲಕ್ಕೆ ಹೋಗಬೇಕು, ಆರ್ಥಿಕ ಇಲಾಖೆಯ ಸಹಮತಿ ಬೇಕು. ಜಾರಿ ಕೇಳಿದರೆ ಜಿಲ್ಲಾಧಿಕಾರಿ ಅಥವಾ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ತಮ್ಮ ಮಟ್ಟದಲ್ಲೇ ಒಂದು ಹೆಜ್ಜೆ ಇಡಬಹುದು. ನಿಮ್ಮ ಮನವಿಯ ಮೊದಲ ಸಾಲಿನಲ್ಲೇ ಮಾರ್ಗಸೂಚಿಯ ಉಲ್ಲೇಖ ಇರಬೇಕು. ‘ಉಲ್ಲೇಖ’ ಎಂಬ ಶೀರ್ಷಿಕೆಯ ಕೆಳಗೆ ಏನೂ ಇಲ್ಲದ ಪತ್ರವನ್ನು ನಮ್ಮ ಕಚೇರಿಗಳು ಪತ್ರವೆಂದೇ ಎಣಿಸುವುದಿಲ್ಲ.

ಇನ್ನು ಹಣದ ದಾರಿ. ಸಂವಿಧಾನದ ಪ್ರಕಾರ ಆರೋಗ್ಯ ರಾಜ್ಯದ ವಿಷಯವಾದರೂ ನೀವು ಕೇಳುವಂಥ ಕೆಲಸಕ್ಕೆ ಹಣ ಬರುವುದು ಹೆಚ್ಚಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ, ಕೇಂದ್ರದ್ದು 60, ರಾಜ್ಯದ್ದು 40ರ ಪಾಲಿನಲ್ಲಿ. ಜಿಲ್ಲೆಗಳು ತಮ್ಮ ಕ್ರಿಯಾ ಯೋಜನೆ ಕಳುಹಿಸುತ್ತವೆ, ರಾಜ್ಯ ಅದನ್ನು ಒಟ್ಟುಗೂಡಿಸಿ ದೆಹಲಿಗೆ ಒಯ್ಯುತ್ತದೆ, ಮಂಜೂರಾತಿ ಬರುತ್ತದೆ. ಆ ಯೋಜನೆಯಲ್ಲಿ ಸಾಲಿಲ್ಲದ ಕೆಲಸಕ್ಕೆ ಎಷ್ಟೇ ಸಹಾನುಭೂತಿ ಇದ್ದರೂ ರೂಪಾಯಿ ಇರುವುದಿಲ್ಲ. ಈಗ ಈ ಯೋಜನೆಗಳನ್ನು ಎರಡು ವರ್ಷಕ್ಕೊಮ್ಮೆ ಮಾಡುತ್ತಾರೆ. 2022-24, 2024-26 ಎಂಬಂತೆ. ನಡುವೆ ಪೂರಕ ಪ್ರಸ್ತಾವಕ್ಕೂ ಅವಕಾಶವಿದೆ. ನೀವು ನೋಡಬೇಕಾದ ವ್ಯಕ್ತಿ ತಾಯಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಜಿಲ್ಲೆಯ ಆರ್‌ಸಿಎಚ್ ಅಧಿಕಾರಿ, ಅವರ ಜೊತೆ ಅಭಿಯಾನದ ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕರು. ಯೋಜನೆ ಟೈಪಾಗುವುದು ಇವರ ಕಂಪ್ಯೂಟರಿನಲ್ಲಿ. ಮೈಸೂರಿನಲ್ಲಾದರೆ ದಸರಾ ಮುಗಿಯುವವರೆಗೆ ಯಾವ ಅಧಿಕಾರಿಯನ್ನೂ ಮಾತನಾಡಿಸುವ ಆಸೆ ಇಟ್ಟುಕೊಳ್ಳಬೇಡಿ, ಆನೆಗಳ ತೂಕ ಬಿಟ್ಟು ಬೇರೆ ಲೆಕ್ಕ ಅವರ ತಲೆಗೆ ಹೋಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ. ಮುಂದಿನ ವರ್ಷದ ಲೆಕ್ಕಾಚಾರ ಶುರುವಾಗುವುದು ಆಗ.

ಸ್ಲೈಡುಗಳ ಬಗ್ಗೆ ಒಂದು ಮಾತು. ಡಿಎನ್ಎ ಎಳೆ, ಬೀಟಾ ಗ್ಲೋಬಿನ್ ವಂಶವಾಹಿ, ರೂಪಾಂತರಗಳ ಪಟ್ಟಿ, ಇವೆಲ್ಲ ನಮಗೆ ಸಂಭ್ರಮ. ಅಧಿಕಾರಿ ಅದನ್ನು ನೋಡಿ ‘ಚೆನ್ನಾಗಿದೆ’ ಎಂದದ್ದು ನಿಜವೇ, ಆದರೆ ಟಿಪ್ಪಣಿ ಹಾಳೆಯಲ್ಲಿ ಬರೆಯಲು ಅವರಿಗೆ ಒಂದು ವಾಕ್ಯವನ್ನೂ ನೀವು ಕೊಡಲಿಲ್ಲ. ಕನ್ನಡದಲ್ಲಿ ಒಂದು ಪುಟ ಕೊಡಿ. ಯಾರಿಗೆ ಪರೀಕ್ಷೆ, ಗರ್ಭದ ಎಷ್ಟನೆಯ ವಾರದಲ್ಲಿ, ಯಾವ ಆಸ್ಪತ್ರೆಯಲ್ಲಿ, ಒಂದು ಪರೀಕ್ಷೆಗೆ ಎಷ್ಟು ಖರ್ಚು, ಫಲಿತಾಂಶ ಬಂದ ಮೇಲೆ ಯಾರು ಯಾರಿಗೆ ಹೇಳಬೇಕು ಎಂಬಷ್ಟೇ ಅದರಲ್ಲಿರಲಿ. ಕೊನೆಗೆ ನೀವು ಬಯಸುವ ಆದೇಶದ ಕರಡನ್ನೇ ಬರೆದುಕೊಡಿ. ಇದು ಅಧಿಕಪ್ರಸಂಗವಲ್ಲ, ಕರಡು ಕೈಗೆ ಸಿಕ್ಕರೆ ವಿಷಯ ನಿರ್ವಾಹಕರು ನಿಮ್ಮನ್ನು ಮನಸಾರೆ ನೆನೆಯುತ್ತಾರೆ.

ಆ ಪುಟದಲ್ಲಿ ಒಂದೇ ಒಂದು ಲೆಕ್ಕ ಇಡುವುದಾದರೆ ನಾನು ಇದನ್ನು ಇಡುತ್ತೇನೆ. ನೂರರಲ್ಲಿ ಮೂವರು ವಾಹಕರು ಎಂದಿಟ್ಟುಕೊಳ್ಳೋಣ. ದೇಶದ ಸರಾಸರಿ ನೂರಕ್ಕೆ ಮೂರರಿಂದ ನಾಲ್ಕು ಎಂದು ಆ ಮಾರ್ಗಸೂಚಿಯೇ ಹೇಳುತ್ತದೆ. ವಾಹಕಳಾದ ಹೆಣ್ಣುಮಗಳು ನಂಟಲ್ಲದವನನ್ನು ಮದುವೆಯಾದರೆ ಅವನೂ ವಾಹಕನಾಗಿರುವ ಸಾಧ್ಯತೆ ನೂರಕ್ಕೆ ಮೂರು. ಅತ್ತೆಯ ಅಥವಾ ಸೋದರಮಾವನ ಮಗನಾದರೆ ಎಂಟರಲ್ಲೊಂದಕ್ಕಿಂತ ಹೆಚ್ಚು. ಸೋದರಮಾವನೇ ಆದರೆ ನಾಲ್ಕರಲ್ಲೊಂದಕ್ಕಿಂತ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಮತ್ತೆ ನಾಲ್ಕರಲ್ಲೊಂದು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇರುವ ಸೀಮೆಯ ಅಧಿಕಾರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮದೇ ಮನೆಯ ಮದುವೆಗಳು ಅವರ ಕಣ್ಣ ಮುಂದೆ ಬರುತ್ತವೆ. ಆದರೆ ದೇಶದ ಸರಾಸರಿಯನ್ನು ಮಂಡ್ಯದ ಜನಸಂಖ್ಯೆಯಿಂದ ಗುಣಿಸಿ “ಜಿಲ್ಲೆಯಲ್ಲಿ ಇಷ್ಟು ಸಾವಿರ ವಾಹಕರಿದ್ದಾರೆ” ಎಂದು ಮಾತ್ರ ಬರೆಯಬೇಡಿ. ಥಲಸ್ಸೇಮಿಯಾ ಸಮುದಾಯದಿಂದ ಸಮುದಾಯಕ್ಕೆ ಬಹಳ ಬದಲಾಗುತ್ತದೆ. ಯಾರಾದರೂ ತಿರುಗಿ ಕೇಳಿದರೆ ನಿಮ್ಮ ಉಳಿದ ಸತ್ಯವೂ ಸುಳ್ಳಾಗುತ್ತದೆ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ನಿಯಮಿತವಾಗಿ ರಕ್ತ ಹಾಕಿಸಿಕೊಳ್ಳುವ ಮಕ್ಕಳು ತಾಲ್ಲೂಕುವಾರು ಎಷ್ಟೆಂಬ ಪಟ್ಟಿಯನ್ನು, ಹೆಸರಿಲ್ಲದೆ, ಅನುಮತಿ ಪಡೆದು ಮಾಡಿಸಿ. ಪಟ್ಟಿ ಚಿಕ್ಕದಾದರೂ ಅದು ಆ ಜಿಲ್ಲೆಯದೇ ಆಗಿರುತ್ತದೆ.

ಈಗ ನೀವು ಪತ್ರದಲ್ಲಿ ಎತ್ತದ, ಆದರೆ ಮಂಡ್ಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಜಾಲದ ಇನ್ನೊಂದು ತುದಿ ಮೈಸೂರಿನಲ್ಲಿತ್ತು. ಮರುವರ್ಷ ಪಾಂಡವಪುರದಿಂದಲೂ ಇಂಥದೇ ಸುದ್ದಿ ಬಂತು. ಅಂದಿನಿಂದ ಈ ಜಿಲ್ಲೆಯ ಯಾವ ಆರೋಗ್ಯಾಧಿಕಾರಿಯ ಎದುರಿಗಾದರೂ ‘ಗರ್ಭಿಣಿ’, ‘ಪರೀಕ್ಷೆ’, ‘ಗರ್ಭಪಾತ’ ಎಂಬ ಮೂರು ಮಾತು ಒಂದೇ ಉಸಿರಿನಲ್ಲಿ ಬಂದರೆ ಅವರ ಮನಸ್ಸಿನಲ್ಲಿ ಏಳುವುದು ಥಲಸ್ಸೇಮಿಯಾದ ಚಿತ್ರವಲ್ಲ, ಸದನದಲ್ಲಿ ಉತ್ತರ ಕೊಡಬೇಕಾಗಿ ಬಂದ ದಿನಗಳ ಚಿತ್ರ. ನಿಮಗೆ ‘ಚೆನ್ನಾಗಿದೆ’ ಎಂದು ಹೇಳಿ ಕಳುಹಿಸಿದವರು ಒಳಗೊಳಗೇ ಹೆದರಿದ್ದಿರಬಹುದು.

ಆದ್ದರಿಂದ ಅವರು ಕೇಳುವ ಮೊದಲು ನೀವೇ ಆ ವಿಷಯ ಎತ್ತಿ. ಪ್ರಸವಪೂರ್ವ ರೋಗನಿರ್ಣಯವನ್ನು ನಿಯಂತ್ರಿಸುವ 1994ರ ಕಾಯ್ದೆ, ಅಂದರೆ ನಾವೆಲ್ಲ ಪಿಸಿಪಿಎನ್‌ಡಿಟಿ ಎನ್ನುವ ಕಾಯ್ದೆ, ಲಿಂಗ ತಿಳಿಸುವುದನ್ನು ಅಪರಾಧವೆಂದು ಸಾರುತ್ತದೆ. ಅದೇ ಕಾಯ್ದೆಯ 4ನೆಯ ಕಲಂ ವರ್ಣತಂತುಗಳ ದೋಷ, ಆನುವಂಶಿಕ ಚಯಾಪಚಯ ಕಾಯಿಲೆ, ಹಿಮೋಗ್ಲೋಬಿನ್ ಕಾಯಿಲೆಗಳ ಪತ್ತೆಗೆ ಪ್ರಸವಪೂರ್ವ ಪರೀಕ್ಷೆಯನ್ನು ಹೆಸರಿಟ್ಟು ಅನುಮತಿಸುತ್ತದೆ. ಆ ಕಲಮಿನ ಕನ್ನಡ ಪ್ರತಿಯನ್ನು ನಿಮ್ಮ ಒಂದು ಪುಟಕ್ಕೆ ಲಗತ್ತಿಸಿ. ನೀವು ಕೇಳುತ್ತಿರುವ ಮೊದಲ ಹಂತ ತಾಯಿಯ ತೋಳಿನಿಂದ ತೆಗೆದ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ, ಅದರಲ್ಲಿ ಭ್ರೂಣದ ಲಿಂಗ ತಿಳಿಯುವ ಮಾತೇ ಇಲ್ಲ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಗಂಡ ಹೆಂಡತಿ ಇಬ್ಬರೂ ವಾಹಕರೆಂದು ಗೊತ್ತಾದ ಮೇಲಷ್ಟೇ, ಅದೂ ಅವರು ಬಯಸಿದರೆ, ನೋಂದಾಯಿತ ಕೇಂದ್ರದಲ್ಲಿ ಭ್ರೂಣದ ಪರೀಕ್ಷೆ ಎಂದು ಬೇರೆ ಪ್ಯಾರಾದಲ್ಲಿ ಬರೆಯಿರಿ. ಎರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಿದರೆ ಓದುವವರೂ ಬೆರೆಸಿಯೇ ಓದುತ್ತಾರೆ.

ಹಾಗೆಯೇ, ಆ ಕಚೇರಿಗೆ ಕಾಲಿಡುವ ಮೊದಲು ನಿಮ್ಮ ಪ್ರಯೋಗಾಲಯದ ಗೋಡೆ ನೋಡಿ. ಆನುವಂಶಿಕ ಸಮಾಲೋಚನಾ ಕೇಂದ್ರ, ಪ್ರಯೋಗಾಲಯ, ಕ್ಲಿನಿಕ್ ಮೂರೂ ಈ ಕಾಯ್ದೆಯಡಿ ನೋಂದಣಿಯಾಗಬೇಕು, ಪ್ರಮಾಣಪತ್ರ ಕಾಣುವಂತೆ ತೂಗುಹಾಕಿರಬೇಕು, ದಾಖಲೆಗಳು ಸರಿಯಿರಬೇಕು. ನೋಂದಣಿಯ ಅವಧಿ ಮುಗಿದಿದ್ದರೆ ನೀತಿಯ ಮಾತು ನಿಲ್ಲಿಸಿ ಮೊದಲು ಅದನ್ನು ನವೀಕರಿಸಿ.

ಈ ಕಾಯ್ದೆಯಲ್ಲಿ ನಮ್ಮ ವೃತ್ತಿಯವರು ಬಹುತೇಕ ಗಮನಿಸದ ಇನ್ನೊಂದು ಬಾಗಿಲಿದೆ. 17ನೆಯ ಕಲಮಿನ ಪ್ರಕಾರ ಕಾಯ್ದೆಯನ್ನು ಜಾರಿ ಮಾಡುವ ಸಕ್ಷಮ ಪ್ರಾಧಿಕಾರಕ್ಕೆ ಸಲಹೆ ಕೊಡಲು ಸಲಹಾ ಸಮಿತಿ ಇರಬೇಕು. ಅದರ ಮೂವರು ವೈದ್ಯ ತಜ್ಞರನ್ನು ಸ್ತ್ರೀರೋಗ, ಪ್ರಸೂತಿ, ಮಕ್ಕಳ ತಜ್ಞರು ಮತ್ತು ವೈದ್ಯಕೀಯ ತಳಿವಿಜ್ಞಾನಿಗಳಿಂದ ಆರಿಸಬೇಕು. ಒಬ್ಬ ಕಾನೂನು ತಜ್ಞರು, ವಾರ್ತಾ ಇಲಾಖೆಯ ಒಬ್ಬ ಅಧಿಕಾರಿ, ಮೂವರು ಸಮಾಜಸೇವಕರು ಜೊತೆಗಿರುತ್ತಾರೆ. ಎರಡು ಸಭೆಗಳ ನಡುವೆ 60 ದಿನ ಮೀರಬಾರದೆಂದು ನಿಯಮವಿದೆ. ಅಂದರೆ ಸರ್ಕಾರದ ಜೊತೆ ಮಾತಾಡಲು ಜಾಗ ಎಲ್ಲಿದೆ ಎಂದು ನೀವು ಹುಡುಕುತ್ತಿರುವಾಗ, ಸಂಸತ್ತೇ ನಮ್ಮ ವೃತ್ತಿಯನ್ನು ಹೆಸರಿಸಿ ಎಂದೋ ಒಂದು ಕುರ್ಚಿ ಹಾಕಿಟ್ಟಿದೆ. ಆ ಕುರ್ಚಿ ನಿಮಗೇ ನೇರವಾಗಿ ಸಿಗದಿರಬಹುದು. ಆದರೆ ನಿಮ್ಮೊಂದಿಗೆ ಕೆಲಸ ಮಾಡುವ ವೈದ್ಯಕೀಯ ತಳಿವಿಜ್ಞಾನಿಯ ಹೆಸರನ್ನು ಮುಂದಿನ ಪುನಾರಚನೆಗೆ ಕಳುಹಿಸಬಹುದು. ಅವರು ಎರಡು ವರ್ಷ ಸುಮ್ಮನೆ ಕುಳಿತು, ಪ್ರಾಧಿಕಾರಕ್ಕೆ ಬೇಕಾದ ದಾಖಲೆ ಪರಿಶೀಲನೆಯಲ್ಲಿ, ನೋಂದಣಿ ಅರ್ಜಿಗಳಲ್ಲಿ ನೆರವಾಗಲಿ. ತನ್ನ ಕೆಲಸ ಹಗುರ ಮಾಡಿದವರ ಮಾತನ್ನು ಅಧಿಕಾರಿ ಕೇಳುತ್ತಾರೆ. ನಮ್ಮವರು ಹೋಗುವುದು ಬೇಕಾದಾಗ ಮಾತ್ರ, ಅದೇ ತೊಂದರೆ.

ಶಾಸಕರ ಬಳಿ ಹೋಗುವುದು ತಕ್ಕುದೇ ಎಂದಿರಿ. ಧಾರಾಳವಾಗಿ ಹೋಗಿ. ಚುನಾಯಿತ ಪ್ರತಿನಿಧಿಯನ್ನು ನೋಡುವುದು ಪಕ್ಷ ಸೇರುವುದಲ್ಲ. ಆಡಳಿತ ಪಕ್ಷದವರನ್ನು ನೋಡಿದ ವಾರವೇ ವಿರೋಧ ಪಕ್ಷದವರನ್ನೂ ನೋಡಿ, ಇಬ್ಬರಿಗೂ ಅದೇ ಒಂದು ಪುಟ ಕೊಡಿ. ಇಲ್ಲವಾದರೆ ಮಂಡ್ಯದಲ್ಲಿ ನಿಮಗೊಂದು ಬಣ್ಣ ಹಚ್ಚಲು ಒಂದು ಸಂಜೆ ಸಾಕು. ನೀವು ಪದವೀಧರರು, ದಕ್ಷಿಣ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡರೆ ವಿಧಾನ ಪರಿಷತ್ತಿನ ಆ ಸದಸ್ಯರು ನಿಮ್ಮ ಪ್ರತಿನಿಧಿ. ಅವರಿಂದ ಭಾಷಣ ಕೇಳಬೇಡಿ, ಒಂದು ಪ್ರಶ್ನೆ ಕೇಳಿಸಿ. “ಮಂಡ್ಯ ಜಿಲ್ಲೆಯ ಯಾವ ಯಾವ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಥಲಸ್ಸೇಮಿಯಾ ವಾಹಕ ಪರೀಕ್ಷೆ ನಡೆಯುತ್ತಿದೆ, ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಂದಿಗೆ ಆಗಿದೆ?” ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಾಕು, ಇಲಾಖೆ ಲಿಖಿತ ಉತ್ತರ ಕೊಡಲೇಬೇಕು. ಉತ್ತರ ‘ಸೊನ್ನೆ’ ಎಂದು ಬಂದರೆ ಆ ಸೊನ್ನೆಗೆ ಸರ್ಕಾರದ ಮುದ್ರೆ ಬೀಳುತ್ತದೆ. ನಿಮ್ಮ ಮುಂದಿನ ಪತ್ರದ ‘ಉಲ್ಲೇಖ’ಕ್ಕೆ ಅದಕ್ಕಿಂತ ಒಳ್ಳೆಯ ಸಾಲು ಸಿಗದು.

ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯನ್ನೂ ಮರೆಯಬೇಡಿ. ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಜಿಲ್ಲಾ ಸಭೆಗಿಂತ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಸಭೆ ಇಂಥ ವಿಷಯಕ್ಕೆ ಹೆಚ್ಚು ಅನುಕೂಲ. ಅಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾದರೆ ಮುಂದಿನ ಸಭೆಗೆ ತಾಲ್ಲೂಕು ಆರೋಗ್ಯಾಧಿಕಾರಿ ಅನುಪಾಲನಾ ವರದಿ ತರಬೇಕಾಗುತ್ತದೆ.

ಶಾಸಕರ ಜೊತೆ ಒಂದು ಅಪಾಯವಿದೆ, ಅವರಿಗೆ ಕಡ್ಡಾಯ ಎಂಬ ಪದ ಬಹಳ ಇಷ್ಟ. “ಸೋದರಮಾವನ ಮದುವೆ ನಿಷೇಧಿಸೋಣ”, “ಮದುವೆಗೆ ಮೊದಲು ರಕ್ತಪರೀಕ್ಷೆ ಕಡ್ಡಾಯ ಮಾಡೋಣ” ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ, ನಿಮ್ಮನ್ನು ಮೆಚ್ಚಿಸಲೆಂದೇ. ತಲೆಯಾಡಿಸಿಬಿಟ್ಟೀರಿ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧಗಳನ್ನು ನಿಷೇಧಿಸಿಯೂ ರೂಢಿ ಇರುವಲ್ಲಿ ಬಿಟ್ಟಿದೆ, ಅದನ್ನು ಕೆದಕಿದರೆ ನಿಮ್ಮ ಪರೀಕ್ಷೆಯ ವಿಷಯ ಜಾತಿ, ಪದ್ಧತಿಗಳ ಜಗಳದಲ್ಲಿ ಕಳೆದುಹೋಗುತ್ತದೆ. ಕಡ್ಡಾಯ ಪರೀಕ್ಷೆಯ ಪಾಠ ಅಮೆರಿಕದಲ್ಲಿ ಆಗಿದೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಹಲವು ರಾಜ್ಯಗಳು ಕಪ್ಪು ಜನರನ್ನು ಗುರಿಯಾಗಿಸಿ ಸಿಕಲ್ ಸೆಲ್ ಪರೀಕ್ಷೆಯನ್ನು ಕಾನೂನಿನಿಂದ ಹೇರಿದವು. ವಾಹಕರಾರು, ರೋಗಿಗಳಾರು ಎಂಬ ಗೊಂದಲದಲ್ಲಿ ಆರೋಗ್ಯವಂತರೇ ಕೆಲಸದಲ್ಲಿ, ವಿಮೆಯಲ್ಲಿ ಪೆಟ್ಟು ತಿಂದರು. 1972ರ ಒಕ್ಕೂಟ ಕಾನೂನು ಸ್ವಯಂಪ್ರೇರಿತ ಪರೀಕ್ಷೆಗೇ ಹಣ ಎಂದು ಹೇಳಬೇಕಾಯಿತು. ನಮ್ಮಲ್ಲೂ ಇದು ದೂರದ ಮಾತಲ್ಲ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಉದ್ಘಾಟನೆಯಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು, ಫಲಿತಾಂಶದ ಕಾರ್ಡುಗಳನ್ನು ಹಂಚುತ್ತಿದೆ. ಎಚ್.ಡಿ. ಕೋಟೆಯ ಬುಡಕಟ್ಟು ಹಾಡಿಯಲ್ಲಿ ಒಂದು ಹುಡುಗಿಯ ಕೈಗೆ ‘ವಾಹಕ’ ಎಂಬ ಕಾರ್ಡು ಕೊಟ್ಟು, ಅದರ ಅರ್ಥ ಹೇಳುವವರಿಲ್ಲದೆ ಹೊರಟುಬಂದರೆ ಅವಳ ಮದುವೆಯ ಮಾತು ಏನಾಗುತ್ತದೆ ಎಂದು ಶಾಸಕರಿಗೆ ಕೇಳಿ. ಸಮಾಲೋಚಕರ ಹುದ್ದೆ ಯಾಕೆ ಬೇಕು ಎಂಬ ನಿಮ್ಮ ವಾದಕ್ಕೆ ಅದೇ ಪೀಠಿಕೆ.

ತಂದೆತಾಯಂದಿರನ್ನು ಜೊತೆಗೆ ಕರೆದೊಯ್ಯಿರಿ, ಆದರೆ ಮಗುವನ್ನು ಪ್ರದರ್ಶನಕ್ಕಿಡಬೇಡಿ. ಏನು ಹೇಳಬೇಕು ಎಂಬುದನ್ನು ತಾಯಿಯೇ ತೀರ್ಮಾನಿಸಲಿ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯ ಕಥೆ ನಿಮಗೆ ಗೊತ್ತಿರಬೇಕು. 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಮೂಳೆ ಕೀಲುಗಳ ರೋಗಕ್ಕೆ ಮೊದಮೊದಲು ಗದ್ದೆಯ ಕೀಟನಾಶಕ ಕಾರಣವಿರಬಹುದೆಂದು ಶಂಕಿಸಿದರು, ಆಮೇಲೆ ಅದು ವಂಶಪಾರಂಪರ್ಯ ಎಂದು ತಿಳಿಯಿತು. ತಂಡದ ಮೇಲೆ ತಂಡ ಬಂದು ರಕ್ತ ತೆಗೆದುಕೊಂಡು ಹೋಯಿತು. ಕಾರಣ ಗೊತ್ತಾದ ಮಾತ್ರಕ್ಕೆ ಯಾರ ಸೊಂಟದ ನೋವೂ ಇಳಿಯಲಿಲ್ಲ. ಹಾಗಾಗಿ ನಿಮ್ಮ ಬೇಡಿಕೆಯಲ್ಲಿ ಈಗಾಗಲೇ ಹುಟ್ಟಿರುವ ಮಕ್ಕಳದ್ದೂ ಒಂದು ಸಾಲು ಇರಲಿ: ಅಂಗವೈಕಲ್ಯದ ಗುರುತಿನ ಚೀಟಿ, ಪದೇ ಪದೇ ರಕ್ತ ಹಾಕಿಸುವುದರಿಂದ ಮೈಯಲ್ಲಿ ಸೇರುವ ಕಬ್ಬಿಣಾಂಶ ಇಳಿಸುವ ಔಷಧಿಯ ತಪ್ಪದ ಪೂರೈಕೆ. ತಡೆಯ ಮಾತನ್ನಷ್ಟೇ ಆಡಿದರೆ ಎದುರಿಗೆ ಕುಳಿತ ತಾಯಿಗೆ ‘ನಿನ್ನ ಮಗು ಹುಟ್ಟಬಾರದಿತ್ತು’ ಎಂದು ಕೇಳಿಸುತ್ತದೆ. ಅಪರೂಪದ ಕಾಯಿಲೆಗಳ 2021ರ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿದೆಯಲ್ಲ ಎಂದು ಯಾರಾದರೂ ಅಡ್ಡಮಾತು ತಂದರೆ, ಅದು ಬೇರೆ ಕಾಯಿಲೆಗಳ ಪಟ್ಟಿಗೆ, ಬೆಂಗಳೂರಿನದೂ ಸೇರಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಸಿಗುವ ನೆರವು ಎಂದು ತಿಳಿಸಿ.

ಕಹಿಯಾದ ಒಂದು ಮಾತನ್ನೂ ಹೇಳಬೇಕು. ನಿಮ್ಮ ಪ್ರಯೋಗಾಲಯ ಇದೇ ಪರೀಕ್ಷೆಯನ್ನು ಮಾರುತ್ತದೆ. ಅಧಿಕಾರಿಯ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ “ಟೆಂಡರ್ ಯಾರಿಗೆ?” ಎಂಬುದು, ಮತ್ತು ಅದು ನ್ಯಾಯವಾದ ಪ್ರಶ್ನೆ. ನೀವು ಎಲ್ಲಿ ಕೆಲಸ ಮಾಡುತ್ತೀರಿ, ಈ ಯೋಜನೆಯಿಂದ ನಿಮ್ಮ ಸಂಸ್ಥೆಗೆ ಲಾಭವಾಗಬಹುದೇ ಎಂಬುದನ್ನು ಪತ್ರದ ಕೊನೆಯಲ್ಲಿ ಬರೆದುಬಿಡಿ. ಪರೀಕ್ಷೆಯನ್ನು ಸರ್ಕಾರಿ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಿಸಬೇಕೆಂದು ಕೇಳಿ. ಮಾಲೀಕರಿಗೆ ಇದು ರುಚಿಸದಿರಬಹುದು. ಹಾಗಿದ್ದರೆ ಮನವಿಯನ್ನು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಬರೆಯದೆ, ಪೋಷಕರ ಗುಂಪು, ಮಕ್ಕಳ ತಜ್ಞರು, ವಿಶ್ವವಿದ್ಯಾನಿಲಯದ ಅಧ್ಯಾಪಕರು ಸೇರಿ ಬರೆಯಲಿ. ಸರ್ಕಾರಿ ನೌಕರರಾಗಿರುವ ಗೆಳೆಯರು ಪತ್ರಿಕೆಗೆ ಹೇಳಿಕೆ ಕೊಡಲು ಹೋಗಬಾರದು, ನಡತೆ ನಿಯಮಗಳು ಅಡ್ಡಬರುತ್ತವೆ. ಅವರು ತಮ್ಮ ಮೇಲಧಿಕಾರಿಯ ಮೂಲಕ ತಾಂತ್ರಿಕ ಟಿಪ್ಪಣಿ ಕಳುಹಿಸಿದರೆ ಅದರ ತೂಕವೇ ಬೇರೆ.

ಕೇಳುವುದಾದರೆ ಏನು ಕೇಳಬೇಕು? ಜಿಲ್ಲೆಗೆಲ್ಲ ಬೇಡ, ಒಂದು ತಾಲ್ಲೂಕಿಗೆ ಕೇಳಿ. ಮಳವಳ್ಳಿಯೇ ಆಗಲಿ. ತಾಯಿ ಕಾರ್ಡ್ ಮಾಡಿಸುವ ಮೊದಲ ಭೇಟಿಯಲ್ಲೇ ಹಿಮೋಗ್ಲೋಬಿನ್ ನೋಡಲು ರಕ್ತ ತೆಗೆಯುತ್ತಾರೆ. ಅದೇ ರಕ್ತದಿಂದ ಇದೂ ಆಗುತ್ತದೆ, ಇನ್ನೊಂದು ಚುಚ್ಚು ಬೇಡ. ಮಾದರಿ ಮಂಡ್ಯಕ್ಕೆ ಹೋಗಲಿ, ಫಲಿತಾಂಶ ಹತ್ತು ದಿನದೊಳಗೆ ಬರಲಿ. ವಾಹಕಳೆಂದು ಬಂದರೆ ಗಂಡನನ್ನು ಕರೆತರುವ ಹೊಣೆ ಯಾರದೆಂದು ಹೆಸರಿಟ್ಟು ಬರೆದಿರಲಿ, ಏಕೆಂದರೆ ಯೋಜನೆ ಮುಗ್ಗರಿಸುವುದು ಅಲ್ಲಿ. ಭ್ರೂಣದ ಪರೀಕ್ಷೆ ಬೇಕೆನ್ನುವವರಿಗೆ 11ರಿಂದ 13ನೆಯ ವಾರ ಸೂಕ್ತ ಸಮಯ. ಹನ್ನೆರಡನೆಯ ವಾರಕ್ಕೆ ಆಸ್ಪತ್ರೆಗೆ ಬಂದವಳಿಗೆ ಆ ಹೊತ್ತಿಗೆ ಏನೂ ತೀರ್ಮಾನವಾಗಿರುವುದಿಲ್ಲ. ಆದ್ದರಿಂದ ಬಸುರಿಯರನ್ನು ಇನ್ನೂ ಬೇಗ ಕರೆತರುವಂತೆ ಆಶಾ ಕಾರ್ಯಕರ್ತೆಯರಿಗೆ ಕೊಡುವ ತರಬೇತಿಗೆ ನೀವೇ ಎರಡು ಮಧ್ಯಾಹ್ನ ಕೊಡುತ್ತೇನೆಂದು ಪತ್ರದಲ್ಲೇ ಬರೆಯಿರಿ. ಕೇಳುವವರ ಪತ್ರಗಳ ನಡುವೆ ಕೊಡುವವರ ಪತ್ರ ಬೇಗ ಕಣ್ಣಿಗೆ ಬೀಳುತ್ತದೆ.

ಪರೀಕ್ಷೆಯ ಯಂತ್ರವೊಂದನ್ನೇ ಕೇಳಿ ಸುಮ್ಮನಾಗಬೇಡಿ. ಯಂತ್ರಕ್ಕೆ ದಾನಿಗಳು ಸಿಗುತ್ತಾರೆ, ಶಾಸಕರ ಅನುದಾನ ಸಿಗುತ್ತದೆ, ರಿಬ್ಬನ್ ಕತ್ತರಿಸುವ ಕಾರ್ಯಕ್ರಮವೂ ಆಗುತ್ತದೆ. ಆರು ತಿಂಗಳಿಗೆ ರಾಸಾಯನಿಕ ಮುಗಿದು ಯಂತ್ರದ ಮೇಲೆ ಬಟ್ಟೆ ಹೊದಿಸುತ್ತಾರೆ. ರಾಸಾಯನಿಕ, ಯಂತ್ರದೊಳಗೆ ಆಗಾಗ ಬದಲಿಸಬೇಕಾದ ಕಾಲಂ ಎಂಬ ಬಿಡಿಭಾಗ, ನಿರ್ವಹಣಾ ಒಪ್ಪಂದ, ಒಬ್ಬ ತಂತ್ರಜ್ಞರ ಸಂಬಳ, ಇಷ್ಟೂ ವಾರ್ಷಿಕ ಖರ್ಚಾಗಿ ಯೋಜನೆಯ ಸಾಲಿನಲ್ಲಿ ಬರುವಂತೆ ನೋಡಿಕೊಳ್ಳಿ. ಆದೇಶ ಬಂದ ಮೇಲೆ ಮೂರು ತಿಂಗಳಿಗೊಮ್ಮೆ ಮಂಡ್ಯದ ಪ್ರಯೋಗಾಲಯಕ್ಕೆ ಹೋಗಿ, ಉಗ್ರಾಣದ ದಾಸ್ತಾನು ಪುಸ್ತಕದಲ್ಲಿ ಎಷ್ಟು ಕಿಟ್ ಉಳಿದಿದೆ ಎಂದು ಕೇಳಿ. ಕಡಿಮೆ ಇದ್ದರೆ ಬೇಡಿಕೆ ಪತ್ರವನ್ನು ಅಂದೇ ಹಾಕಿಸಿ, ಸ್ವೀಕೃತಿಯ ಪ್ರತಿ ತೆಗೆದುಕೊಂಡೇ ಬಸ್ ಹತ್ತಿ.